ಮುಳ್ಳು ಏಳದ ಬೆಳಿಗ್ಗೆ

ನನಗೆ ವಿಮಾನ ಹಾರಿಸಲು ಕಲಿಸಿದ ಪ್ರೀತಿಯ ಗುರುಗಳೇ,

ಹೇಗಿದ್ದೀರಿ ಅಂತ ಕೇಳುವುದು ತಪ್ಪೇನೋ. ಆದರೂ ಕೇಳುತ್ತೇನೆ. ಅಲ್ಲಿ ಬೆಳಗಿನ ಕಾಫಿ ಸಿಗುತ್ತದೆಯೇ? ಅದಿಲ್ಲದೆ ನಿಮಗೆ ಯಾರ ಮುಖವೂ ಹಿಡಿಸುತ್ತಿರಲಿಲ್ಲ.

ನೆಗಡಿಯಾಗಿದ್ದರೂ ಹಾರಲು ಬಂದು ನಿಂತ ದಿನ ನೆನಪಾಗುತ್ತದೆ. ನಾನು ಸೀನಿದ್ದೇ ತಡ, ವಿಮಾನದ ಬಾಗಿಲು ಹಾಕಿಬಿಟ್ಟಿರಿ. "ಮೂಗು ಕಟ್ಕೊಂಡು ಮೇಲೆ ಹೋದ್ರೆ ಇಳಿಯುವಾಗ ಕಿವಿ ಕೈ ಕೊಡ್ತದೆ ಕಣಮ್ಮ. ಹೋಗು, ಕಷಾಯ ಕುಡ್ದು ಮಲ್ಕೊ." ಮುಖ ಊದಿಸಿಕೊಂಡು ನಜರ್‌ಬಾದಿನ ನಮ್ಮ ಮನೆಗೆ ಹೋದೆ. ಸಂಜೆ ಫೋನ್ ಮಾಡಿ ಕಷಾಯಕ್ಕೆ ಮೆಣಸು ಹಾಕಿದ್ಯಾ ಅಂತ ವಿಚಾರಿಸಿದವರೂ ನೀವೇ. ಅಷ್ಟು ಕೋಪದಲ್ಲೂ ನಗು ಬಂತು.

ಯಾದವಗಿರಿಯ ನಿಮ್ಮ ಮನೆಯ ವರಾಂಡದಲ್ಲಿ, ಬೆತ್ತದ ಕುರ್ಚಿಯ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ ಟೇಕಾಫ್ ಮಾಡಿಸುತ್ತಿದ್ದಿರಲ್ಲ? "ಪಾಪ, ಆ ಮಗೂನ ಬಿಡ್ರೀ, ದೋಸೆ ಆರೋಗ್ತದೆ" ಅಂತ ನಿಮ್ಮ ಮನೆಯವರು, ನಮ್ಮ ಆಂಟಿ, ಕರೆದರೂ ಬಿಡುತ್ತಿರಲಿಲ್ಲ. "ರನ್‌ವೇ ಮೇಲೆ ಓಡ್ತಾ ಇದ್ದೀಯ. ಸ್ಪೀಡ್ ತೋರ್ಸೋ ಮುಳ್ಳು ಏಳ್ಲಿಲ್ಲ. ಏನ್ ಮಾಡ್ತೀಯ?" ಇನ್ನೂ ಸ್ವಲ್ಪ ನೋಡ್ತೀನಿ ಸರ್, ಅಂದಿದ್ದೆ. "ನೋಡೋದೇನಿಲ್ಲ, ನಿಲ್ಲಿಸ್ಬುಡು. ನಿಂತ ಪ್ಲೇನು ನಾಳೆ ಹಾರ್ತದೆ." ಅದನ್ನೇ ಎಷ್ಟು ಸಲ ಹೇಳಿದಿರೋ. ಬೇಸರವಾಗುತ್ತಿತ್ತು. ಈಗ ಇನ್ನೊಂದೇ ಒಂದು ಸಲ ಹೇಳಿದ್ದರೆ...

ನೀವು ನಮ್ಮನ್ನು ಬಿಟ್ಟುಹೋದ ಕೆಲವೇ ದಿನಕ್ಕೆ ಆಯುಧಪೂಜೆ ಬಂತು. ನಮ್ಮ ಮೈಸೂರಿನವರು ಗೊತ್ತಲ್ಲ, ಸೈಕಲ್ಲಿಗೇ ಅಷ್ಟು ಗಂಧ ಬಳಿಯುವವರು ವಿಮಾನವನ್ನು ಬಿಟ್ಟಾರೆಯೇ? ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ನಾವೆಲ್ಲ ಸೇರಿ ಅದರ ಮೂತಿಗೆ ಚೆಂಡುಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು, ಕಂಡಕಂಡಲ್ಲಿ ಬೊಟ್ಟಿಟ್ಟೆವು. ರೆಕ್ಕೆಯ ಕೆಳಗೆ ಗಾಳಿ ಹಿಡಿದು ವೇಗ ತಿಳಿಸುವ ಪುಟ್ಟ ಕೊಳವೆ ಇದೆಯಲ್ಲ, ಅದರ ಬಾಯಿಗೂ ಯಾರೋ ಭಕ್ತಿಯಿಂದ ಗಂಧ ಮೆತ್ತಿದ್ದಾರೆ. ಹಬ್ಬ ಕಳೆದ ಮೇಲೆ ಎಲ್ಲ ಒರೆಸಿದ್ದೆವು. ಹೊರಗೆ ಶುಭ್ರವಾಗಿಯೇ ಇತ್ತು. ಒಳಗೆ ಒಣಗಿ ಕೂತಿದ್ದು ಯಾರಿಗೆ ಕಾಣಬೇಕು?

ಅದಾದ ಮೇಲೆ ಒಂದು ಬೆಳಿಗ್ಗೆ ಅದೇ ವಿಮಾನದಲ್ಲಿ ನಾನು ಮೊದಲ ಸಲ ಒಬ್ಬಳೇ ಹಾರಬೇಕಾಗಿತ್ತು. ಅಪ್ಪ ಟೈಲರಿಂಗ್ ಅಂಗಡಿಗೆ ಬೀಗ ಹಾಕಿ ಬಂದಿದ್ದರು. ಅಮ್ಮನ ಕೈಯಲ್ಲಿ ಮೈಸೂರ್‌ಪಾಕಿನ ಡಬ್ಬಿ. ಬೇಲಿಯಾಚೆ ನಿಂತು ಇಬ್ಬರೂ ಕೈಬೀಸುತ್ತಿದ್ದರು. ವಿಮಾನ ಓಡತೊಡಗಿತು. ಇಂಜಿನ್ ಜೋರಾಗಿತ್ತು, ಮುಳ್ಳು ಮಾತ್ರ ಮಲಗಿತ್ತು. ಅಮ್ಮ ನೋಡುತ್ತಿದ್ದಾಳೆ, ಇನ್ನೊಂದು ಚೂರು ಓಡಿಸೋಣ ಅನ್ನಿಸಿತು, ಸುಳ್ಳೇಕೆ ಹೇಳಲಿ? ಆದರೆ ಕೈ ಆಗಲೇ ಥ್ರಾಟಲ್ ಹಿಂದಕ್ಕೆಳೆದು ಇಂಜಿನ್ ತಗ್ಗಿಸಿತ್ತು. ರನ್‌ವೇ ಇನ್ನೂ ಬೇಕಾದಷ್ಟು ಇರುವಾಗಲೇ ನಿಂತೆ. ಕೊಳವೆಯೊಳಗಿನ ಗಂಧ ಸಿಕ್ಕಿದ್ದು ಆಮೇಲೆ, ಬಿಚ್ಚಿ ನೋಡಿದಾಗ.

ಅಮ್ಮನಿಗೆ ಅದು ಅಪಶಕುನ. "ಸಾಕು ಬುಡು ಕಣೆ, ಚಾಮುಂಡಿತಾಯೇ ಬ್ಯಾಡ ಅಂದವ್ಳೆ" ಅಂತ ಅತ್ತಳು. ಇನ್ನು ಹಾರಲು ಕಳಿಸುವುದಿಲ್ಲ ಅಂದಳು. ಸಂಜೆ ಯಾರೂ ಮುಚ್ಚಳ ತೆಗೆಯದ ಆ ಡಬ್ಬಿ ಹಿಡಿದು ನಿಮ್ಮ ಮನೆಗೆ ಹೋದೆ. ಆಂಟಿ ಎಲ್ಲ ಕೇಳಿದರು. "ಮುಳ್ಳು ಏಳ್ಲಿಲ್ಲ ಅಂತ ನೀನೇ ನಿಲ್ಲಿಸ್ದ್ಯಾ?" ಅಂದರು. ಹೌದು ಅಂದೆ. ಡಬ್ಬಿ ತೆಗೆದು ಒಂದು ತುಂಡು ನಿಮ್ಮ ಫೋಟೋ ಮುಂದೆ ಇಟ್ಟರು. "ತಗೊಳ್ರೀ, ನಿಮ್ಮ ಹುಡುಗಿ ನೆಟ್ಟಗೆ ಮನೆಗೆ ಬಂದಿದ್ದಾಳೆ." ನೀವು ಹೋದ ದಿನ ಬಾರದ ಅಳು ಆಗ ಬಂತು ಸರ್.

ಮರುದಿನ ಆಂಟಿಯೇ ನಜರ್‌ಬಾದಿಗೆ ಬಂದು ಅಮ್ಮನ ಜೊತೆ ತುಂಬ ಹೊತ್ತು ಮಾತಾಡಿದರು. ಏನು ಹೇಳಿದರೋ, ಇಬ್ಬರೂ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಅಮ್ಮ ಒಪ್ಪಿದಳು.

ಹೋದ ಗುರುವಾರ ಹಾರಿದೆ, ಒಬ್ಬಳೇ. ಕ್ಷೇಮವಾಗಿ ಇಳಿದೆ. ಎಲ್ಲ ನೀವು ಹೇಳಿಕೊಟ್ಟ ಹಾಗೇ ಆಯಿತು, ಒಂದನ್ನು ಬಿಟ್ಟು. ಪಕ್ಕದಲ್ಲಿ ನಿಮ್ಮ ಭಾರವಿಲ್ಲದೆ ಹೋದರೆ ವಿಮಾನ ಅಷ್ಟು ಬೇಗ ಮೇಲೇಳುತ್ತದೆ ಅಂತ ನೀವು ಹೇಳಿರಲೇ ಇಲ್ಲ, ಸರ್.