ಚಪ್ಪಾಳೆಯ ನಡುವೆ ಎದ್ದು ಹೋದವಳು

ಗುಂಡಾ,

ನಾನು ಕೆಲಸಕ್ಕೆ ಹೊರಟೆ. ಊಟ ಕುಕ್ಕರಿನಲ್ಲಿದೆ, ಮೊದಲು ಉಣ್ಣು. ನಿನ್ನ ಫೋನು ನನ್ನ ಬ್ಯಾಗಿನಲ್ಲಿದೆ, ಹುಡುಕಬೇಡ; ಜನ ಬರೆದದ್ದನ್ನೇ ಓದ್ತಾ ಕೂತದ್ದು ಸಾಕು. ನೀನು ಮಾಡಿದ ಸಿನಿಮಾ ನೋಡಿ ಒಬ್ಬ "ಮುಂದಿನ ಕಾಲ ಅಷ್ಟು ಚೆಂದವಂತೆ, ಯಾರ ಕಿವಿಗೆ ಹೂವಿಡ್ತಾನೆ?" ಅಂತಾನೆ. ಇನ್ನೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ಎರಡನೇ ಸಲ ಹೋಗ್ತಾಳೆ. ಎಲ್ಲರನ್ನೂ ಮೆಚ್ಚಿಸ್ತೀನಿ ಅಂತ ಗುತ್ತಿಗೆ ಹಿಡಿದಿದ್ದೀಯಾ?

ಸಿನಿಮಾದಲ್ಲಿ ರೋಬಾಟು ಸತ್ತ ಅಮ್ಮನನ್ನು ಬದುಕಿಸಿದಾಗ ಹಾಲ್ ತುಂಬ ಚಪ್ಪಾಳೆ, ಒಬ್ಬಳು ಮಾತ್ರ ಕತ್ತಲಲ್ಲಿ ಎದ್ದು ಹೋದಳು ಅಂತ ನಿನ್ನೆಯಿಂದ ಕೊರಗ್ತಿದ್ದೀಯಲ್ಲ, ಅದು ನಾನೇ. ಸಿನಿಮಾ ಚೆನ್ನಾಗಿಲ್ಲ ಅಂತಲ್ಲ. ನಮ್ಮಮ್ಮ ಕೊನೇ ದಿನ ತೊಟ್ಟಿದ್ದ ಹಸಿರು ಸ್ವೆಟರನ್ನು ಆ ಸಿನಿಮಾದ ಅಮ್ಮನಿಗೆ ಹಾಕಿಸುವ ಮುಂಚೆ ನನ್ನನ್ನೊಂದು ಮಾತು ಕೇಳಬೇಕಿತ್ತು. ಈಗಲೂ ಕೋಪ ಇಳಿದಿಲ್ಲ.

ಒಂದು ಹೇಳು. ನಾನು ಅಷ್ಟರಲ್ಲಿ ಹೊರಗಿದ್ದೆ; ಕಣ್ಣು ಬಿಟ್ಟ ಮೇಲೆ ನಿನ್ನ ಸಿನಿಮಾದ ಅಮ್ಮ ಮೊದಲು ಯಾರನ್ನ ಕರೀತಾಳೆ, ಅಕ್ಕನನ್ನೋ ತಮ್ಮನನ್ನೋ? ಚೀಟಿಯ ಹಿಂದೆ ಬರೆದಿಡು.

ಅಕ್ಕ