ಬೆಕ್ಕಿನ ಉಗುರಿನಿಂದ ಎದೆಗೆ

ಮಾರ್ಚ್ ೧೨

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರಗಳು.

ಇಷ್ಟು ದಿನ ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಆಸ್ಪತ್ರೆಯಲ್ಲಿದ್ದೆ. ನಿನಗೆ ತಿಳಿಸಬೇಡಿರೆಂದು ಇವರಿಗೆ ಹೇಳಿದವಳೂ ನಾನೇ. ಈಗ ಗುಣವಾಗುತ್ತಿದ್ದೇನೆ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದು.

ನನ್ನ ಸುಸ್ತಿನ ಪುರಾಣ ನಿನಗೆ ಗೊತ್ತೇ ಇದೆ. ಸಂಜೆಯಾದರೆ ಮೈ ಬೆಚ್ಚಗಾಗುವುದು, ಮೆಟ್ಟಿಲು ಹತ್ತಿದರೆ ಏದುಸಿರು, ಬಟ್ಟೆಗಳೆಲ್ಲ ಸಡಿಲ. "ಉಂಡು ಮಲಗೋ ಕಾಯಿಲೆಗೆ ಮದ್ದಿಲ್ಲ" ಎನ್ನುತ್ತಿದ್ದರು ಅತ್ತೆ. ಬೀದಿಯ ಡಾಕ್ಟರು ಶಕ್ತಿಯ ಮಾತ್ರೆ ಬರೆದು, "ತಲೆಗೆ ಜಾಸ್ತಿ ಹಚ್ಕೋಬೇಡಿ" ಎಂದರು. ಇವರು ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುವಾಗ ಬಕೆಟ್ಟನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದರು, ಅಷ್ಟೆ.

ಒಂದು ಮಧ್ಯಾಹ್ನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಾಗ ಕಣ್ಣಿಗೆ ಕತ್ತಲೆ ಬಂತು. ಎಚ್ಚರವಾದಾಗ ನೆಲದ ಮೇಲಿದ್ದೆ. ಮಾಲೀಕರು ಒಂದು ಕೈಯಲ್ಲಿ ನೀರು, ಇನ್ನೊಂದರಲ್ಲಿ ಸುಟ್ಟ ಶರ್ಟು ಹಿಡಿದು, ಮೊದಲು ನನಗೆ ಮರುಗುವುದೋ ಶರ್ಟಿಗೋ ಎಂದು ತಿಳಿಯದೆ ನಿಂತಿದ್ದರು.

ಆಸ್ಪತ್ರೆಯಲ್ಲಿ ಎದೆಯ ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರಮ್ಮ ಅದೇ ಜಾಗವನ್ನು ಪರದೆಯ ಮೇಲೆ ಮತ್ತೆ ಮತ್ತೆ ನೋಡಿದರು. ಹೃದಯದ ಒಂದು ಕವಾಟವನ್ನು ಏನೋ ತಿಂದುಹಾಕಿತ್ತು. ಸೋಂಕೆಂಬುದು ಖಚಿತ, ಆದರೆ ಎಷ್ಟು ಸಲ ರಕ್ತ ತೆಗೆದರೂ ಯಾವ ಕ್ರಿಮಿಯೂ ಸಿಗಲಿಲ್ಲ. ಕೊನೆಗೆ ಅವರು ನನ್ನ ಮಂಚದ ಅಂಚಿಗೆ ಬಂದು ಕುಳಿತರು.

"ಮನೇಲಿ ಪ್ರಾಣಿ ಏನಾದ್ರೂ ಇದೆಯಾ?"

"ಒಂದು ಬೆಕ್ಕಿದೆ. ಬೀದೀಲಿ ಸಿಕ್ಕ ಮರಿ."

"ಚಿಗಟ ಇತ್ತಾ?"

"ಬೆಕ್ಕು ಅಂದ್ಮೇಲೆ ಚಿಗಟ ಇರಲ್ವಾ ಡಾಕ್ಟ್ರೇ" ಎಂದು ನಕ್ಕೆ. ಅವರು ನಗಲಿಲ್ಲ.

ಚಿಗಟದ ಹಿಕ್ಕೆಯಲ್ಲಿ ಒಂದು ಬ್ಯಾಕ್ಟೀರಿಯಾ ಇರುತ್ತದಂತೆ. ಬೆಕ್ಕು ಮೈ ಕೆರೆದುಕೊಂಡಾಗ ಉಗುರಿಗೆ ಅಂಟುತ್ತದೆ. ಆ ಉಗುರು ಪರಚಿದರೆ ನಮ್ಮ ರಕ್ತಕ್ಕೆ ಇಳಿಯುತ್ತದೆ. ಹೆಚ್ಚಿನವರಿಗೆ ಒಂದಿಷ್ಟು ಜ್ವರ ಬಂದು ಹೋಗುತ್ತದೆ. ನನ್ನ ಕವಾಟ ಹುಟ್ಟಿನಿಂದಲೇ ತುಸು ಡೊಂಕಂತೆ, ಅಲ್ಲೇ ಬಿಡಾರ ಹೂಡಿತು. ಬೇರೆ ರಕ್ತಪರೀಕ್ಷೆ ಮಾಡಿಸಿದಾಗ ಅದೇ ಎಂದು ತಿಳಿಯಿತು. ಮೊಣಕೈ ಹತ್ತಿರ ನನಗೊಂದು ಹಳೆಯ ಗೀರು, ಕೂದಲೆಳೆಯಷ್ಟು. ಅದನ್ನೇ ನೋಡುತ್ತ ಕೂತೆ. ಇಷ್ಟರಿಂದ ಸಾಯಬಹುದಿತ್ತೇ?

ಎದೆ ತೆರೆದು ಬೇರೆ ಕವಾಟ ಕೂರಿಸಿದ್ದಾರೆ. ಔಷಧಿ ಇನ್ನೂ ನಡೆಯುತ್ತಿದೆ. ಅತ್ತೆ ಬೆಕ್ಕನ್ನು ಚೀಲಕ್ಕೆ ತುಂಬಿ ಎಲ್ಲೋ ಬಿಟ್ಟುಬರಲು ಹೊರಟಿದ್ದರಂತೆ. ಇವರು ಚೀಲದ ಸಮೇತ ಅತ್ತೆಯನ್ನು ಪಶುವೈದ್ಯರ ಹತ್ತಿರ ಕರೆದೊಯ್ದರು. ಆ ಡಾಕ್ಟರು, "ಬೆಕ್ಕೇನ್ ಮಾಡತ್ತಮ್ಮ, ಚಿಗಟ ಓಡಿಸಿ" ಎಂದು ಅದರ ಕತ್ತಿನ ಹಿಂದೆ ಮದ್ದು ಹಾಕಿ ಕಳುಹಿಸಿದರು. ಈಗ ಅತ್ತೆಯೇ ಗಂಜಿ ಕಾಯಿಸಿ ತರುತ್ತಾರೆ, ನನ್ನ ಮುಖ ಮಾತ್ರ ನೋಡುವುದಿಲ್ಲ.

ಭಾವನಿಗೆ ನಮಸ್ಕಾರ. ಮಕ್ಕಳಿಗೆ ಚಿಕ್ಕಮ್ಮನ ಆಶೀರ್ವಾದ. ಎಲ್ಲರೂ ತಣ್ಣಗಿರಿ.

ನಿನ್ನ
ಪುಟ್ಟಿ

ತಾ.ಕ.: ಹೃದಯ ಕೆಟ್ಟಿದೆ ಎಂದು ಕೇಳಿದಾಗ ನನಗೆ ಮೊದಲು ಆದದ್ದು ಸಮಾಧಾನ, ಅಕ್ಕ. ಸದ್ಯ, ನಿಜವಾಗಿಯೂ ಏನೋ ಆಗಿದೆಯಲ್ಲ ಎಂದು. ಅತ್ತೆಯ ಮಾತನ್ನು ನಾನು ಒಂದು ದಿನವೂ ನಂಬಿರಲಿಲ್ಲ. ಆದರೆ ಆವತ್ತು ಫೋನಿನಲ್ಲಿ ನೀನೂ, "ಅದು ಕಾಯಿಲೆ ಅಲ್ಲ ಪುಟ್ಟಿ, ಮೈಗಳ್ಳತನ. ಎದ್ದು ಓಡಾಡು" ಅಂದೆ. ನೀನು ಅಂದಮೇಲೆ ನಂಬಿದೆ. ಡಾಕ್ಟರ ಹತ್ತಿರ ಹೋಗುವುದನ್ನೇ ಬಿಟ್ಟೆ.