ಎಡದಿಂದ ಎರಡನೆಯ ಮನೆ

ಫೆಬ್ರವರಿ ೯, ಮಧ್ಯಾಹ್ನ ಊಟವಾದ ಮೇಲೆ

ಗುಬ್ಬೀ,

ಆದ್ದರಿಂದ ನಿನ್ನ ಚಿತ್ರದ ನದಿಗೆ ನೀಲಿ ಬಣ್ಣ ಬಳಿಯುವುದು ಬೇಡ ಎಂದು ತೀರ್ಮಾನಿಸಿದೆ. ನಿನ್ನೆ ಫೋನಿನಲ್ಲಿ ನಮ್ಮ ಮಾತು ಅಲ್ಲಿಗೇ ಬಂದು ನಿಂತಿತ್ತಲ್ಲ? "ನದಿ ಅಂದ್ಮೇಲೆ ನೀಲಿ ತಾನೇ ಅಪ್ಪ" ಅಂದೆ ನೀನು. ಅಲ್ಲ ಮಗಳೇ. ಹಿಂದಿನ ಕೋಣೆಯ ಕಿಟಕಿಯಿಂದ ಇಪ್ಪತ್ತೆಂಟು ವರ್ಷ ಆ ನದಿಯನ್ನು ನೋಡಿದ್ದೇನೆ, ಒಂದು ದಿನವೂ ಅದು ನೀಲಿಯಾಗಿರಲಿಲ್ಲ. ಬೆಳಿಗ್ಗೆ ತೊಳೆದಿಟ್ಟ ಪಾತ್ರೆಯ ಹಾಗಿರುತ್ತದೆ. ಮಧ್ಯಾಹ್ನ ಯಾವ ಬಣ್ಣವೂ ಇರುವುದಿಲ್ಲ. ಸಂಜೆ ಮಾತ್ರ, ನಿನ್ನಮ್ಮ ಹೇಳುತ್ತಿದ್ದ ಹಾಗೆ, ಯಾರೋ ಪೆನ್ಸಿಲಿನಿಂದ ಬರೆದು ಅಂಗೈಯಲ್ಲಿ ಒರೆಸಿದ ಬಣ್ಣ. ನನ್ನ ನದಿ ಆ ಒರೆಸಿದ ಬಣ್ಣದ್ದು. ಹಳೆಯ ಪುಸ್ತಕಗಳ ಬೂದು ಕಾಗದವನ್ನು ಉದ್ದುದ್ದ ಸೀಳಿ, ಬೆರಳಿಂದ ಸುಕ್ಕುಮಾಡಿ, ಒಂದರ ಮೇಲೊಂದು ಅಂಟಿಸಿದ್ದೇನೆ. ಓರೆಯಾಗಿ ನೋಡಿದರೆ ಅಲೆ, ನೇರ ನೋಡಿದರೆ ಬರೀ ಕಾಗದ.

ಕ್ಷೇಮ ಸಮಾಚಾರ ಮೊದಲು ಬರೆಯಬೇಕಿತ್ತು, ನದಿಯಲ್ಲಿ ಬಿದ್ದುಬಿಟ್ಟೆ. ಚೆನ್ನಾಗಿದ್ದೇನೆ. ಮಂಡಿ ತನ್ನ ಪಾಡಿಗೆ ತಾನು ಗೊಣಗುತ್ತದೆ, ನಾನು ನನ್ನ ಪಾಡಿಗೆ. ಇಬ್ಬರೂ ಹೊಂದಿಕೊಂಡಿದ್ದೇವೆ. ಅಳಿಯಂದಿರಿಗೆ ನಾನು ಕೇಳಿದೆನೆಂದು ಹೇಳು. ಚಿತ್ರ ತಡವಾದದ್ದಕ್ಕೆ ಐ ಬೆಗ್ ಟು ಅಪಾಲಜೈಸ್. ಹೊಸ ಮನೆಗೆ ಹೋದ ವಾರವೇ ನೀನು ಹೇಳಿದ್ದೆ, "ಮಂಚದ ಎದುರಿನ ಗೋಡೆ ಬೋಳು ಅಪ್ಪ, ಕಣ್ಣು ಬಿಟ್ರೆ ಸುಣ್ಣವೇ ಕಾಣತ್ತೆ" ಎಂದು. ನಾನು ಮಾಡಿಕೊಡುತ್ತೇನೆ ಅಂದವನು ಎರಡು ತಿಂಗಳು ಎಳೆದೆ. ಪುಸ್ತಕ ಬೈಂಡರನ ಮಗಳಿಗೆ ಎರಡು ತಿಂಗಳು ಬೋಳು ಗೋಡೆ! ನಾನು ಕೆಲಸಕ್ಕಿದ್ದ ಪ್ರೆಸ್ಸಿನ ಮಾಲೀಕರು ಇದ್ದಿದ್ದರೆ "ಅಡ್ವಾನ್ಸ್ ವಾಪಸ್ ಕೊಡಯ್ಯ" ಎನ್ನುತ್ತಿದ್ದರು.

ಇನ್ನೊಂದಕ್ಕೂ ಕ್ಷಮೆ ಕೇಳಬೇಕು. ನೀಲಿಯ ಮಾತಾದ ಮೇಲೆ ನೀನು ಬೇರೆ ದನಿಯಲ್ಲಿ ಕೇಳಿದೆಯಲ್ಲ, "ಅಪ್ಪಾ, ಅಮ್ಮ ನನ್ಮೇಲಿನ ಸಿಟ್ಟಲ್ಲೇ ಹೋದ್ಲಾ?" ಎಂದು? ನಾನು "ಹಲೋ, ಹಲೋ, ಕೇಳಿಸ್ತಿಲ್ಲ" ಅಂದೆ. ಲೈನು ಸರಿಯಾಗಿಯೇ ಇತ್ತು, ಗುಬ್ಬಿ. ಫೋನು ಇಟ್ಟವನು ನಾನೇ. ಅವಳು ಹೋದ ಈ ಒಂದೂವರೆ ವರ್ಷದಲ್ಲಿ ನೀನು ಇದನ್ನು ಕೇಳಿದ್ದು ಮೂರನೇ ಸಲ. ಮೊದಲ ಸಲ ಒಲೆಯ ಮೇಲೆ ಹಾಲಿದೆ ಅಂದೆ, ಎರಡನೇ ಸಲ ಬಾಗಿಲಲ್ಲಿ ಯಾರೋ ಬಂದರು ಅಂದೆ. ಹಾಲೂ ಇರಲಿಲ್ಲ, ಯಾರೂ ಬಂದಿರಲಿಲ್ಲ. ಉತ್ತರ ಕೊಡುತ್ತೇನೆ. ಆದರೆ ನನ್ನ ಸ್ವಭಾವ ನಿನಗೆ ಗೊತ್ತು, ಕೈಗೆ ಕೆಲಸವಿದ್ದರಷ್ಟೇ ಬಾಯಿ ನಡೆಯುವುದು. ಮೊದಲು ಚಿತ್ರದ ವಿಷಯ ಹೇಳಿಬಿಡುತ್ತೇನೆ, ತಾಳಿಕೋ.

ರಟ್ಟು ಮೂರು ಪದರದ್ದು. ಅಗಲ ನನ್ನ ಎರಡು ಮೊಳ. ಕೆಳಗೆ ನದಿ, ಮೇಲೆ ಆಕಾಶ, ನಡುವೆ ಆಚೆ ದಡದ ಏಳು ಮನೆಗಳು. ಮನೆಗಳಿಗೆ ಬೈಂಡಿಂಗ್ ಬಟ್ಟೆಯ ಚೂರುಗಳು, ಚಾಕಲೇಟು ಪೊಟ್ಟಣದ ಕಂದು ಕಾಗದ, ಪಕ್ಕದ ಮನೆಯ ದರ್ಜಿಯಮ್ಮ ಕೊಟ್ಟ, ಬಟ್ಟೆ ಕತ್ತರಿಸಲು ಅಳತೆ ಬರೆದ ಹಳೇ ಪ್ಯಾಟರ್ನ್ ಕಾಗದ. ಅದರ ಚುಕ್ಕೆಗೆರೆಗಳು ಥೇಟ್ ಇಟ್ಟಿಗೆ ಗೋಡೆಯ ಹಾಗೆ ಕಾಣುತ್ತವೆ. ಕಿಟಕಿಗಳನ್ನು ಕೊರೆದಿದ್ದೇನೆ. ಆರು ಮನೆಗಳಲ್ಲಿ ಕತ್ತಲು, ಎಡದಿಂದ ಎರಡನೆಯದರಲ್ಲಿ ಮಾತ್ರ ಹಳದಿ ಬೆಳಕು. ದೂರದ ಮನೆ ಚಿಕ್ಕದಾಗಿ ಕಾಣಬೇಕು ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಒಂದು ಪದವಿದೆ. ಪರ್ಸ್ಪೆ ಎಂದೇನೋ ಶುರುವಾಗುತ್ತದೆ, ಕಾಲೇಜಿನಲ್ಲಿ ಗೊತ್ತಿತ್ತು. ನನ್ನ ಚಿತ್ರದಲ್ಲಿ ಅದು ಇಲ್ಲ ಬಿಡು. ಎಲ್ಲ ಮನೆಯೂ ಹತ್ತಿರವೇ.

ಅಂಟಿನ ಕಥೆ ಕೇಳು. ಸ್ಟೇಷನರಿ ಅಂಗಡಿಯವನು ನನಗೆ ಮೈದಾ ಅಂಟು ಮರೆತುಬಿಡಿ ಎಂದು ಬೋಧನೆ ಮಾಡಿದ. "ಯಜಮಾನ್ರೇ, ಯಾವ ಕಾಲದಲ್ಲಿದೀರ? ಈ ಬಿಳಿ ಗ್ಲೂ ತಗೊಳ್ಳಿ. ಕೂತ್ರೆ ಕೂತಂಗೆ. ಗೋಡೆ ಕಿತ್ಕೊಂಡು ಬಂದ್ರೂ ಇದು ಬರಲ್ಲ."

"ಬರಬೇಕಾದಾಗ ಏನಯ್ಯ ಮಾಡೋದು?"

"ಬರಬೇಕಾದ್ದನ್ನ ಯಾಕ್ರೀ ಅಂಟಿಸ್ತೀರಾ?"

ಎರಡು ಬಾಟಲಿ ತಂದೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದರು, "ಬಿಚ್ಚೋಕೆ ಬಾರದ ಅಂಟು ಅಂಟಲ್ಲ ಕಣೋ, ಅದು ಶಿಕ್ಷೆ" ಎಂದು. ಪುಸ್ತಕ ಮುಂದೊಂದು ದಿನ ಹರಿಯುತ್ತದೆ, ಇನ್ನೊಬ್ಬ ಬೈಂಡರ್ ಅದನ್ನು ಬಿಚ್ಚಬೇಕಾಗುತ್ತದೆ, ಅವನಿಗೆ ದಾರಿ ಬಿಟ್ಟಿರಬೇಕು. ಮೈದಾ ಅಂಟಾದರೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾದರೆ ತಾನಾಗಿ ಸಡಿಲವಾಗುತ್ತದೆ. ಆದರೂ ಬಿಳಿ ಗ್ಲೂ ಮಾಯೆಯ ವಸ್ತು, ಒಪ್ಪಿಕೊಳ್ಳಬೇಕು. ಹಚ್ಚುವಾಗ ಹಾಲು, ಒಣಗಿದಾಗ ಗಾಜು. ಬಿಸಿಲಿನಲ್ಲಿ ಅದು ಬಿಳುಪು ಬಿಡುವುದನ್ನೇ ನೋಡುತ್ತ ಒಂದು ಮಧ್ಯಾಹ್ನ ಪೂರ್ತಿ ಕಳೆದೆ. ಮಂಜು ಎದ್ದು ಆಚೆ ದಡ ಕಾಣುವ ಹಾಗೆ ಒಂದೊಂದೇ ಮನೆ ಹೊರಗೆ ಬಂತು.

ಆವತ್ತು ಅಲ್ಲೇ ಕೂತಲ್ಲಿ ಕಣ್ಣು ಹತ್ತಿರಬೇಕು. ನಿನ್ನಮ್ಮ ಕಿಟಕಿಯ ಹತ್ತಿರ ನಿಂತು ಪ್ರೂಫ್ ಓದುತ್ತಿದ್ದಳು. ಪ್ರೆಸ್ಸಿನಲ್ಲಿ ಅವಳು ಕರಡು ಓದುತ್ತಿದ್ದ ರೀತಿ ನಿನಗೆ ನೆನಪಿದೆಯಲ್ಲ, ಚಿಹ್ನೆಗಳನ್ನೂ ಬಾಯಿಬಿಟ್ಟು ಹೇಳುವುದು? "ಅವನು ಬಂದ ಅಲ್ಪವಿರಾಮ ಕೂತ ಪೂರ್ಣವಿರಾಮ" ಎಂದು. ಮದುವೆಗೆ ಮುಂಚೆ ನಾನು ಬೈಂಡಿಂಗ್ ಕೋಣೆಯಿಂದ ಆ ದನಿ ಕೇಳುತ್ತ ಹೊಲಿಗೆ ತಪ್ಪುತ್ತಿದ್ದೆ. ಆಮೇಲೆ ಅವಳು ಎಲ್ಲರೆದುರು ಅನ್ನುತ್ತಿದ್ದಳು, "ಬೈಂಡರ್ ಕೈಗೆ ಸಿಕ್ಕಿದೋಳು ನಾನು. ಹೊಲಿದು ಅಂಟಿಸಿ ಮೂಲೇಲಿ ಕೂರಿಸಿಬಿಟ್ರು." ಆವತ್ತಿನ ಕನಸಿನಲ್ಲಿ ಅವಳು ನನ್ನ ಚಿತ್ರವನ್ನೇ ಓದುತ್ತಿದ್ದಳು. "ಮನೆ ಅಲ್ಪವಿರಾಮ" ಎಂದಳು. ಎರಡನೇ ಮನೆಗೆ ಬಂದವಳು ನಿಂತಳು. ಪೆನ್ಸಿಲಿನ ಹಿಂಬದಿಯಿಂದ ಟಕಟಕ ಎಂದು ಬಡಿದು, "ಇಲ್ಲಿ ಏನೋ ಬಿಟ್ಟುಹೋಗಿದೆ ರೀ" ಅಂದಳು. ಬೈಗುಳವಲ್ಲ, ಕೆಲಸದ ದನಿ. ಎಚ್ಚರವಾದಾಗ ನನ್ನ ಕೆನ್ನೆಗೆ ಒಂದು ಕಾಗದದ ಅಲೆ ಅಂಟಿಕೊಂಡಿತ್ತು.

ಮರುದಿನ ಆ ಎರಡನೇ ಮನೆಯನ್ನು ರಟ್ಟಿನ ಮೇಲ್ಪದರ ಸಮೇತ ಚಾಕುವಿನಿಂದ ಕೊರೆದು ತೆಗೆದು ಮತ್ತೆ ಮಾಡಿದೆ. ದರ್ಜಿಯಮ್ಮ ಕತ್ತರಿ ಸಾಣೆ ಹಿಡಿಸಿಕೊಂಡು ಹೋಗಲು ಬಂದವಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಅಣ್ಣಾ, ವಯಸ್ಸಾಗ್ತಾ ಆಗ್ತಾ ಮಕ್ಕಳಾಟ ಶುರು ಹಚ್ಕೊಂಡ್ರಾ?"

"ಬಟ್ಟೆ ಕತ್ತರಿಸಿದ್ರೆ ಕಸುಬು, ಕಾಗದ ಕತ್ತರಿಸಿದ್ರೆ ಮಕ್ಕಳಾಟವಾ ತಾಯಿ?"

"ಚೆನ್ನಾಗಿದೆ ಬಿಡಿ. ಅದ್ಸರಿ, ಈ ಮನೆ ಮಾತ್ರ ಯಾಕೆ ಉಬ್ಬಿದೆ? ಅಳತೆ ತಪ್ಪಿದ್ರಾ?"

"ಒಳಗೆ ಜನ ಇದಾರೆ" ಅಂದೆ.

ಅವಳು ಗಟ್ಟಿಯಾಗಿ ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, ಕತ್ತರಿ ತೆಗೆದುಕೊಂಡು ಮೆಲ್ಲಗೆ ಹೋದಳು. ರಾತ್ರಿಯ ಊಟಕ್ಕೆ ಒಂದು ಡಬ್ಬಿ ಕಳಿಸಿದ್ದಳು, ಕೇಳದೆ.

ಈಗ ನಿನ್ನ ಪ್ರಶ್ನೆ. ನೀನು ಹೊತ್ತುಕೊಂಡಿರುವುದು ಯಾವುದನ್ನು ಎಂದು ನನಗೆ ಗೊತ್ತು. ಅಮ್ಮ ಹಾಸಿಗೆ ಹಿಡಿದಿದ್ದ ಆ ಭಾನುವಾರ ಫೋನಿನಲ್ಲಿ "ಇಲ್ಲಿಗೆ ಬಾಮ್ಮಾ, ದೊಡ್ಡಾಸ್ಪತ್ರೆಗೆ ತೋರ್ಸೋಣ" ಎಂದು ನೀನು ಗೋಗರೆದೆ. ಅವಳು "ನನ್ನ ಮನೆ ಬಿಟ್ಟು ಬರಲ್ಲ" ಎಂದು ಹಟ ಹಿಡಿದಳು. ಕೊನೆಗೆ ನೀನು "ಹಾಗಾದ್ರೆ ಅಲ್ಲೇ ಬಿದ್ದು ಸಾಯಿ" ಎಂದು ಫೋನು ಕುಕ್ಕಿದೆ. ಗುರುವಾರ ಅವಳು ಹೋದಳು. ಮಗಳೇ, ಹೋಗಬೇಕಾದವಳು ನಿನ್ನ ಮಾತಿಗೆ ಕಾಯುತ್ತಿರಲಿಲ್ಲ, ನೀನು ಅಂದೆ ಎಂದು ಹೋಗಲು ಅವಳೇನು ವಿಧೇಯಳಾ? ಡಾಕ್ಟರು ಆಗಲೇ ನನಗೊಬ್ಬನಿಗೆ ಹೇಳಿದ್ದರು, ಎಲ್ಲಿಗೆ ಕರೆದುಕೊಂಡು ಹೋದರೂ ಅಷ್ಟೇ ಎಂದು. ಇಷ್ಟು ನಾನು ಬಾಯಿಂದ ಹೇಳಬಲ್ಲೆ. ಅವಳು ಸಿಟ್ಟಿನಲ್ಲೇ ಹೋದಳೋ ಇಲ್ಲವೋ ಎಂದು ಹೇಳಬೇಕಾದವನು ನಾನಲ್ಲ. ಯಾಕೆ ಎಂದು ಕೆಳಗೆ ಬರೆಯುತ್ತೇನೆ. ಬರೆದೇ ಬರೆಯುತ್ತೇನೆ.

ಪಾರ್ಸೆಲ್ ನಾಡಿದ್ದು ಹೊರಡುತ್ತದೆ. ಎರಡು ಮೊಳೆ ಸಾಕು. ಕಿಟಕಿಯ ಎದುರು ಬೇಡ, ಬಣ್ಣ ಹಾರುತ್ತದೆ. ಪಕ್ಕದಿಂದ ಬೆಳಕು ಬೀಳುವ ಕಡೆ ಹಾಕು, ಆಗ ನದಿ ಹರಿಯುತ್ತದೆ. ನಿನ್ನ ಮನೆಯ ಗೋಡೆಗಳು ತುಂಬಿರಲಿ, ನಿನ್ನ ನಿದ್ದೆ ಗಟ್ಟಿಯಾಗಿರಲಿ, ಎದ್ದಾಗ ಕಣ್ಣಿಗೆ ಒಳ್ಳೆಯದೇ ಬೀಳಲಿ. ತಲೆ ನೇವರಿಸಿದ್ದೇನೆ ಎಂದುಕೋ.

ನಿನ್ನ
ಅಪ್ಪ

ಮರೆತಿದ್ದು (ಮರೆತಿರಲಿಲ್ಲ): ಕಾಲೇಜಿನಲ್ಲಿ ನಮಗೆ ಲೆಟರ್ ರೈಟಿಂಗ್ ಎಂಬ ಪಾಠವಿತ್ತು. ಪತ್ರದ ಜೊತೆ ಲಕೋಟೆಯಲ್ಲಿ ಇನ್ನೇನಾದರೂ ಇಟ್ಟಿದ್ದರೆ ಕೊನೆಯಲ್ಲಿ "ಎನ್‌ಕ್ಲೋಸ್ಡ್ ಪ್ಲೀಸ್ ಫೈಂಡ್" ಎಂದು ಬರೆಯಬೇಕು. ನಾನು ಚೆಂದವಾಗಿ ಬರೆದು ಬರೀ ಪತ್ರ ಕೊಟ್ಟೆ. ಲೆಕ್ಚರರು ಹಾಳೆಯನ್ನು ಗಾಳಿಯಲ್ಲಿ ಒದರಿ "ವೇರ್ ಈಸ್ ದಿ ಎನ್‌ಕ್ಲೋಷರ್, ಮಿಸ್ಟರ್?" ಎಂದರು. ಇಡೀ ಕ್ಲಾಸು ನಕ್ಕಿತು. ಆ ಪಾಠದಲ್ಲಿ ನನಗೆ ಉಳಿದಿರುವುದು ಅಷ್ಟೇ.

ಆ ಭಾನುವಾರದ ಮರುದಿನ ನಿನ್ನಮ್ಮ ಹಾಸಿಗೆಯಲ್ಲೇ ದಿಂಬಿಗೊರಗಿ ನಿನಗೆ ಪತ್ರ ಬರೆದಳು. ಬಹಳ ಹೊತ್ತು ಬರೆದಳು. ನನ್ನ ಬಟ್ಟಲಿನಿಂದ ಬೆರಳಲ್ಲಿ ಮೈದಾ ಅಂಟು ತೆಗೆದು ತಾನೇ ಲಕೋಟೆ ಮುಚ್ಚಿ, "ಇವತ್ತೇ ಹಾಕ್ಬಿಡಿ ರೀ" ಅಂದಳು. ನಾನು ಹಾಕಲಿಲ್ಲ. ಅವಳಿಗೆ ಸಿಟ್ಟಿತ್ತೋ ಇಲ್ಲವೋ, ನನಗಿತ್ತು ಗುಬ್ಬಿ. ಅಂಥ ಮಾತಾಡಿದವಳು ಎರಡು ದಿನ ಬೇಯಲಿ ಎಂದುಕೊಂಡೆ. ನಾನು ಎಲ್ಲವನ್ನೂ ಎಲ್ಲಿಡುತ್ತೇನೆ ಹೇಳು? ಮುದುರಿದ ಹಾಳೆ, ಡೊಂಕಾದ ರಟ್ಟು, ನಿನ್ನ ಮಾರ್ಕ್ಸ್ ಕಾರ್ಡು, ಎಲ್ಲ ನನ್ನ ಕೆಲಸದ ಮೇಜಿನ ಮೇಲಿನ ಆ ಹಲಗೆಯ ಕೆಳಗೆ, ಮೇಲೆ ಹಳೇ ಇಸ್ತ್ರಿಪೆಟ್ಟಿಗೆಯ ಭಾರ. ಎರಡು ದಿನ ಬಿಟ್ಟರೆ ನೆಟ್ಟಗಾಗುತ್ತದೆ. ಪತ್ರವನ್ನೂ ಅಲ್ಲಿಟ್ಟೆ. ಬುಧವಾರ ತೆಗೆದು ಕೈಯಲ್ಲಿ ಹಿಡಿದೆ. ಹೊರಗೆ ಬಿಸಿಲಿತ್ತು, ನಾಳೆ ಎಂದು ಮತ್ತೆ ಇಟ್ಟೆ.

ಅವಳು ಹೋದ ಮೇಲೆ ನೀನು ಬಂದು ಆ ಮೇಜಿಗೇ ತಲೆಯಾನಿಸಿ ಅತ್ತೆ. ನಿನ್ನ ಹಣೆಗೂ ಪತ್ರಕ್ಕೂ ನಡುವೆ ಒಂದು ಹಲಗೆ. ಆಗ ಕೊಡಲು ನಾಚಿಕೆಯಾಯಿತು. ಆಮೇಲೆ ಪ್ರತಿದಿನ ಇನ್ನೊಂದು ಚೂರು ಹೆಚ್ಚಾಯಿತು.

ಒಡೆದಿಲ್ಲ. ಆಣೆ. ಒಳಗೆ ಏನಿದೆ ಎಂದು ನನಗೆ ಗೊತ್ತಿಲ್ಲ. ಬೈದಿದ್ದಾಳೋ, ಮುದ್ದಿಸಿದ್ದಾಳೋ, ಪ್ರೂಫ್ ರೀಡರ್ ಹೆಂಗಸು, ನಿನ್ನ ಮಾತಿನ ವ್ಯಾಕರಣ ತಿದ್ದಿದ್ದಾಳೋ. ಎಡದಿಂದ ಎರಡನೆಯ ಮನೆಯ ಹಿಂದೆ ರಟ್ಟಿನ ನಡು ಪದರವನ್ನು ಲಕೋಟೆಯ ಅಳತೆಗೆ ಕೊರೆದು ಒಳಗಿಟ್ಟಿದ್ದೇನೆ. ಇಡೀ ಚಿತ್ರ ಬಿಳಿ ಗ್ಲೂನಲ್ಲಿ ಕೂತಿದೆ, ಆ ಒಂದು ಮನೆ ಮಾತ್ರ ನನ್ನ ಮೈದಾ ಅಂಟಿನಲ್ಲಿ. ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಆ ಮನೆಯ ಮೇಲಿಟ್ಟು ಹತ್ತು ನಿಮಿಷ ಕಾಯಿ. ಕೀಳಬೇಡ, ಕೆಳಗಿನ ಬಲಮೂಲೆಯಿಂದ ಎತ್ತು, ಅದೇ ಬರುತ್ತದೆ. ಬೇಡವೆನಿಸಿದರೆ ಹಾಗೇ ಬಿಡು, ದೀಪವಿರುವ ಮನೆಯಾಗಿ ಗೋಡೆಯ ಮೇಲಿರಲಿ. ನನ್ನನ್ನು ಏನಾದರೂ ಅನ್ನಬೇಕೆನಿಸಿದರೆ ಫೋನು ಮಾಡು. ಈ ಸಲ ಇಡುವುದಿಲ್ಲ.

ನದಿ ಆಗಲೇ ಒರೆಸಿದ ಬಣ್ಣಕ್ಕೆ ಬಂದಿದೆ, ಬರೆದ ಸಾಲು ಎಲ್ಲಿ ಮುಗಿಯಿತೋ ಕಾಣುತ್ತಿಲ್ಲ, ಬೆಳಕು ಹೋಗುತ್ತಿದೆ. ಎನ್‌ಕ್ಲೋಸ್ಡ್ ಪ್ಲೀಸ್ ಫೈಂಡ್, ಗುಬ್ಬಿ.